ಘಟ್ಟದ ಮೇಲೆ ಕುಳಿತು ಕೆಲಸ ಹುಡುಕುವವರಿಗೆ ಲಿಂಕ್ಡ್‌ಇನ್ ಎಷ್ಟು ಉಪಯೋಗ?

ಓದು, ಕೆಲಸದ ವಿವರ ಹಾಕಿ ಉದ್ಯೋಗದ ಪರಿಚಯ ಬೆಳೆಸಿಕೊಳ್ಳುವ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದರೆ ಕೆಲಸ ಸಿಗುತ್ತದೆ ಎಂಬ ನಂಬಿಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಈಗ ಗಟ್ಟಿಯಾಗಿ ಬೇರೂರಿದೆ. ಕೊನೆಯ ಸೆಮಿಸ್ಟರಿನಲ್ಲಿ ಖಾತೆ ತೆರೆದು, ಕೋಟು ಹಾಕಿಕೊಂಡು ತೆಗೆಸಿದ ಫೋಟೊ ಏರಿಸಿ, ಸಹಪಾಠಿಗಳನ್ನೆಲ್ಲ ಸೇರಿಸಿಕೊಂಡು, ಆಮೇಲೆ ಯಾರಾದರೂ ಕರೆದಾರೆಂದು ಕಾಯುತ್ತ ಕೂರುವವರು ಬಹಳ ಮಂದಿ. ಕೆಲಸವಿಲ್ಲದ ಒಂದು ಇಡೀ ಮಳೆಗಾಲ ಈ ಸೇವೆಯನ್ನು ಶಿರಸಿಯಿಂದಲೇ ಪಟ್ಟುಹಿಡಿದು ಬಳಸಿದ ಮೇಲೆ ನನಗೆ ಅನ್ನಿಸಿದ್ದೇ ಬೇರೆ. ಕೆಲಸದ ಜಾಹೀರಾತುಗಳ ತಾಣವಾಗಿ ಅದು ನಮ್ಮ ಕಡೆಯವರಿಗೆ ಅಷ್ಟಕ್ಕಷ್ಟೆ. ಊರು ಬಿಟ್ಟು ಹೋದ ನಮ್ಮವರು ಎಲ್ಲೆಲ್ಲಿ, ಯಾವ ಯಾವ ಕುರ್ಚಿಯಲ್ಲಿ ಕೂತಿದ್ದಾರೆ ಎಂದು ತೋರಿಸುವ ವಿಳಾಸದ ಪುಸ್ತಕವಾಗಿ ಮಾತ್ರ ಅದಕ್ಕೆ ಸಾಟಿಯಾದುದು ಬೇರೊಂದಿಲ್ಲ. ಈ ಎರಡನೆಯ ಉಪಯೋಗಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಆದರೆ ಅದನ್ನು ಹಾಗೆ ಬಳಸಬಹುದು ಎಂಬುದು ತಾಣದ ಮುಖಪುಟ ನೋಡಿದವರಿಗೆ ಹೊಳೆಯುವುದೂ ಇಲ್ಲ.

ನನ್ನ ಹಿನ್ನೆಲೆಯನ್ನು ಹೇಳದೆ ಈ ವಿಮರ್ಶೆ ಪೂರ್ತಿಯಾಗದು. ನಾನು ಶಿರಸಿಯಲ್ಲಿ ಬಿ.ಕಾಂ. ಓದಿ, ಬೆಂಗಳೂರಿನ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಕೆಲವು ವರ್ಷ ದುಡಿದವಳು. ಆ ವಿಭಾಗವನ್ನು ಬೇರೆ ರಾಜ್ಯಕ್ಕೆ ಸಾಗಿಸಿದಾಗ ಕೆಲಸ ಹೋಯಿತು. ಬೆಂಗಳೂರಿನಲ್ಲಿ ಬಾಡಿಗೆ ಕೊಡುತ್ತ ಹುಡುಕುವುದಕ್ಕಿಂತ ಮನೆಯಲ್ಲಿದ್ದೇ ಹುಡುಕುವುದು ಮೇಲೆಂದು ಊರಿಗೆ ಬಂದೆ. ಹಾಗಾಗಿ ಸಾಫ್ಟ್‌ವೇರ್ ಎಂಜಿನಿಯರರ ಅನುಭವ ಇದಲ್ಲ. ಲೆಕ್ಕಪತ್ರ, ಖರೀದಿ, ಮಾನವ ಸಂಪನ್ಮೂಲ, ಮಾರಾಟದಂಥ ಸಾಮಾನ್ಯ ಕಚೇರಿ ಕೆಲಸ ಹುಡುಕುವವರಿಗೆ ಇಲ್ಲಿನ ಮಾತುಗಳು ಹೆಚ್ಚು ಹೊಂದುತ್ತವೆ.

ತಾಣದ ಬಗ್ಗೆ ಎರಡು ಮಾತು. 2003ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರುವಾದ ಈ ಸೇವೆಯನ್ನು ಮೈಕ್ರೊಸಾಫ್ಟ್ ಕಂಪನಿ 2016ರಲ್ಲಿ 26.2 ಶತಕೋಟಿ ಡಾಲರಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಸದಸ್ಯರ ಸಂಖ್ಯೆ 2023ರಲ್ಲಿ ನೂರು ಕೋಟಿ ದಾಟಿತು. ಸದಸ್ಯರ ಲೆಕ್ಕದಲ್ಲಿ ಅಮೆರಿಕದ ನಂತರದ ಸ್ಥಾನ ಭಾರತದ್ದು. ಈ ಗಾತ್ರ ನಮಗೆ ಮುಖ್ಯವಾಗುವುದು ಒಂದೇ ಕಾರಣಕ್ಕೆ. ನಮ್ಮೂರ ಕಾಲೇಜಿನಲ್ಲಿ ಓದಿ ಪುಣೆಗೋ ದುಬೈಗೋ ಹೋದವರನ್ನು ಅಲ್ಲಿ ಹೆಸರು ಗೊತ್ತಿಲ್ಲದೆಯೂ ಹುಡುಕಬಹುದು.

ಉತ್ತರ ಕನ್ನಡದೊಳಗೇ ಕೆಲಸ ಬೇಕೆನ್ನುವವರಿಗೆ ಇದರ ಉಪಯೋಗ ಕಡಿಮೆ, ಮತ್ತು ಅದು ತಾಣದ ತಪ್ಪೂ ಅಲ್ಲ. ಇಲ್ಲಿನ ದೊಡ್ಡ ಉದ್ಯೋಗದಾತರೆಂದರೆ 220 ಮೆಗಾವ್ಯಾಟಿನ ನಾಲ್ಕು ಘಟಕಗಳುಳ್ಳ ಕೈಗಾ ಅಣುವಿದ್ಯುತ್ ಸ್ಥಾವರ, ಕಾರವಾರದ ಬಳಿಯ ಸೀಬರ್ಡ್ ನೌಕಾನೆಲೆ, ಸರ್ಕಾರಿ ಇಲಾಖೆಗಳು, ಬ್ಯಾಂಕುಗಳು. ಇವೆಲ್ಲ ಅಧಿಸೂಚನೆ ಹೊರಡಿಸಿ, ಅರ್ಜಿ ಕರೆದು, ಪರೀಕ್ಷೆ ನಡೆಸಿ ಆರಿಸಿಕೊಳ್ಳುವ ಜಾಗಗಳು. ಅಲ್ಲಿ ಯಾರ ಪರಿಚಯವೂ ಅರ್ಜಿಯ ಕೊನೆಯ ದಿನಾಂಕವನ್ನು ಮುಂದೂಡಲಾರದು. ಇನ್ನುಳಿದದ್ದು ಅಡಿಕೆ ವಖಾರಿ, ಸಹಕಾರಿ ಸಂಘ, ಖಾಸಗಿ ಶಾಲೆ, ಆಸ್ಪತ್ರೆ, ಗೋಕರ್ಣ ಮುರ್ಡೇಶ್ವರದ ಹೋಟೆಲು, ಹೋಂಸ್ಟೇ. ಇಲ್ಲಿ ಜಾಗ ಖಾಲಿಯಾದ ಸುದ್ದಿ ಸಂಜೆಯೊಳಗೆ ನಾಲ್ಕು ಮನೆ ಮುಟ್ಟಿ, ಮರುದಿನ ಯಾರದೋ ಭಾವನ ಮಗ ಬಂದು ಕೂತಿರುತ್ತಾನೆ. ಲಿಂಕ್ಡ್‌ಇನ್‌ನ ಕೆಲಸದ ಹುಡುಕಾಟದಲ್ಲಿ ಶಿರಸಿ ಎಂದು ಹಾಕಿದರೆ ವಿಮೆಯ ಕಮಿಷನ್ ಕೆಲಸಗಳು, ಮನೆಯಿಂದಲೇ ಮಾಡುವ ಕೆಲಸಗಳು ಕಂಡು ಮುಗಿಯುವುದು ಇದಕ್ಕೇ. ಜಾಹೀರಾತು ಕೊಡುವ ರೂಢಿಯೇ ಇಲ್ಲದ ಕಡೆ ಜಾಹೀರಾತು ಎಲ್ಲಿಂದ ಬರಬೇಕು?

ಜಿಲ್ಲೆಯ ಹೊರಗೆ ಕೆಲಸ ಬೇಕೆನ್ನುವವರ ಸಂಗತಿ ಹೀಗಲ್ಲ. ಹತ್ತಿರದ ನೆಂಟರು, ಆಪ್ತ ಗೆಳೆಯರು ಕೆಲಸ ಕೊಡಿಸುತ್ತಾರೆಂದು ನಾವು ತಿಳಿದಿರುತ್ತೇವೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಬೇರೆಯದೇ ಚಿತ್ರವಿದೆ. ಬೋಸ್ಟನ್ ಹತ್ತಿರದ ನ್ಯೂಟನ್ ಎಂಬಲ್ಲಿ, ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದ್ದು ಒಂದು ಸರಳ ಪ್ರಶ್ನೆ: ಆ ಸುದ್ದಿ ಕೊಟ್ಟವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆರಡು ಸಲವಾದರೂ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7, ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ವಾರಕ್ಕೆ ಎರಡಕ್ಕಿಂತ ಕಡಿಮೆ ಎಂದವರು ಶೇ. 55.6, ವರ್ಷಕ್ಕೊಮ್ಮೆ ಅಥವಾ ಅದಕ್ಕೂ ಕಡಿಮೆ ಎಂದವರು ಶೇ. 27.8. ಕಾರಣ ಊಹಿಸುವುದು ಕಷ್ಟವಲ್ಲ. ದಿನಾ ಸಿಗುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಅಪರೂಪಕ್ಕೆ ಸಿಗುವವರು ಬೇರೆ ವಲಯದಲ್ಲಿ ಓಡಾಡುವುದರಿಂದ ನಮಗೆ ತಿಳಿಯದ ಸುದ್ದಿ ಅವರಲ್ಲಿರುತ್ತದೆ.

ಈ ಮಾತನ್ನು ಲಿಂಕ್ಡ್‌ಇನ್ ತನ್ನ ಸದಸ್ಯರ ಮೇಲೆಯೇ ಪರೀಕ್ಷಿಸಿ ನೋಡಿದೆ. ‘ನಿಮಗೆ ಪರಿಚಯವಿರಬಹುದಾದವರು’ ಎಂದು ತೋರಿಸುವ ಪಟ್ಟಿಯನ್ನು ಐದು ವರ್ಷಗಳ ಅವಧಿಯಲ್ಲಿ ಎರಡು ಕೋಟಿ ಜನರಿಗೆ ಬೇರೆಬೇರೆ ರೀತಿಯಲ್ಲಿ ತೋರಿಸಿ, ಯಾರಿಗೆ ಎಂಥ ಪರಿಚಯದಿಂದ ಕೆಲಸ ಬದಲಾಯಿತೆಂದು ಗಮನಿಸಿದ ಅಧ್ಯಯನ 2022ರ ಸೆಪ್ಟೆಂಬರಿನಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೀಗೆ ಪ್ರಯೋಗಕ್ಕೆ ಒಳಪಟ್ಟವರಿಗೆ ಅದರ ಅರಿವೇ ಇರಲಿಲ್ಲವೆಂಬ ಟೀಕೆಯೂ ಆಗ ಕೇಳಿಬಂತು, ಅದು ನ್ಯಾಯವಾದ ಟೀಕೆಯೇ. ಫಲಿತಾಂಶ ಮಾತ್ರ ನಮ್ಮಂಥವರಿಗೆ ಕೆಲಸಕ್ಕೆ ಬರುವಂಥದ್ದು. ಕೆಲಸ ಬದಲಾಯಿಸಲು ಹೆಚ್ಚು ನೆರವಾದದ್ದು ತೀರ ಆಪ್ತರೂ ಅಲ್ಲ, ತೀರ ಅಪರಿಚಿತರೂ ಅಲ್ಲ. ನಡುವಿನ, ಕೆಲವೇ ಕೆಲವು ಸಮಾನ ಪರಿಚಯಗಳಿರುವ ದೂರದವರು. ಅದೂ ಕಂಪ್ಯೂಟರಿನ ಮೇಲೆ ಹೆಚ್ಚು ನಿಂತಿರುವ ಉದ್ಯಮಗಳಲ್ಲಿ. ಅಷ್ಟಾಗಿ ನಿಂತಿರದ ಉದ್ಯಮಗಳಲ್ಲಿ ಹತ್ತಿರದವರ ನೆರವೇ ಹೆಚ್ಚು ಫಲ ಕೊಟ್ಟಿತು. ವಖಾರಿಯ ಕೆಲಸ ಭಾವನ ಮಗನಿಗೂ, ಬೆಂಗಳೂರಿನ ಕಚೇರಿಯ ಕೆಲಸ ಎಲ್ಲೋ ಇರುವ ಹಿರಿಯ ವಿದ್ಯಾರ್ಥಿಯ ಮೂಲಕವೂ ಸಿಗುವುದನ್ನು ಕಂಡಿರುವ ನಮಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಆ ನಡುವಿನ ಜನರನ್ನು ಹುಡುಕಿಕೊಡುವ ಭಾಗವೇ ಲಿಂಕ್ಡ್‌ಇನ್‌ನಲ್ಲಿ ಅತ್ಯುತ್ತಮವಾದದ್ದು, ಮತ್ತು ಅದನ್ನು ಬಹಳ ಜನ ತೆರೆದೇ ನೋಡಿರುವುದಿಲ್ಲ. ನಿಮ್ಮ ಕಾಲೇಜಿನ ಹೆಸರನ್ನು ಹುಡುಕಿ ಅದರ ಪುಟಕ್ಕೆ ಹೋದರೆ ಅಲ್ಲಿ ‘ಅಲಮ್ನೈ’ ಎಂಬ ವಿಭಾಗವಿರುತ್ತದೆ. ಅದನ್ನು ಒತ್ತಿದರೆ ಹಳೆಯ ವಿದ್ಯಾರ್ಥಿಗಳು ಈಗ ಯಾವ ಊರಿನಲ್ಲಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಯಾವ ಬಗೆಯ ಕೆಲಸ ಮಾಡುತ್ತಾರೆ ಎಂಬುದು ಕಂಬಗಳ ರೂಪದಲ್ಲಿ ಕಾಣುತ್ತದೆ. ಊರಿನ ಕಂಬದಲ್ಲಿ ಬೆಂಗಳೂರನ್ನೂ ಕೆಲಸದ ಕಂಬದಲ್ಲಿ ಖರೀದಿಯನ್ನೂ ಒತ್ತಿದರೆ ಪಟ್ಟಿ ಸಣ್ಣದಾಗುತ್ತ ಬಂದು, ಕೊನೆಗೆ ನಿಮ್ಮದೇ ಕಾಲೇಜಿನಲ್ಲಿ ಓದಿ ನಿಮಗೆ ಬೇಕಾದ ಕೆಲಸವನ್ನೇ ಮಾಡುತ್ತಿರುವ ಕೆಲವು ಮುಖಗಳು ಉಳಿಯುತ್ತವೆ. ಓದಿದ ವರ್ಷಗಳನ್ನೂ ಹಾಕಿ ಸೋಸಬಹುದು. ನಿಮಗಿಂತ ಎಂಟು ಹತ್ತು ವರ್ಷ ಹಿರಿಯರಾದವರು ಹೊಸಬರನ್ನು ಸೇರಿಸಿಕೊಳ್ಳುವ ಮಾತಿನಲ್ಲಿ ಪಾಲಿರುವ ಸ್ಥಾನಕ್ಕೆ ಬಂದಿರುತ್ತಾರೆ. ತೀರ ಹಿರಿಯರಿಗೆ ಸಂದೇಶ ಓದುವ ಬಿಡುವಿರುವುದಿಲ್ಲ, ಓರಗೆಯವರು ತಾವೇ ಹುಡುಕುತ್ತಿರುತ್ತಾರೆ.

ಈ ಹುಡುಕಾಟದಲ್ಲಿ ನಮ್ಮ ಜಿಲ್ಲೆಗೇ ವಿಶೇಷವಾದ ಒಂದು ತೊಡಕಿದೆ. ಊರ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವುದರಲ್ಲಿ ನಮ್ಮವರಿಗೆ ಒಮ್ಮತವಿಲ್ಲ. ಶಿರಸಿಗೆ ಎಚ್ ಸೇರಿಸುವವರು ಒಂದು ಗುಂಪು, ಬಿಡುವವರು ಇನ್ನೊಂದು. ಹೊನ್ನಾವರಕ್ಕೆ ಒಂದು ಎನ್ ಹಾಕುವವರು, ಎರಡು ಹಾಕುವವರು. ಕಾರವಾರಕ್ಕೆ ನಡುವೆ ಎ ಇಡುವವರು, ಇಡದವರು. ಇದರ ಜೊತೆಗೆ, ಪ್ರೊಫೈಲಿನಲ್ಲಿ ಕಾಲೇಜನ್ನು ತಾಣ ತೋರಿಸುವ ಪಟ್ಟಿಯಿಂದ ಆರಿಸಿಕೊಳ್ಳದೆ ತಾವೇ ಅಕ್ಷರ ಒತ್ತಿ ಬರೆದವರು ಕಾಲೇಜಿನ ಪುಟಕ್ಕೆ ಸೇರುವುದೇ ಇಲ್ಲ. ಆದ್ದರಿಂದ ಕಾಲೇಜಿನ ಪುಟವನ್ನಷ್ಟೇ ನಂಬದೆ, ಜನರ ಹುಡುಕಾಟದಲ್ಲಿ ಊರ ಹೆಸರನ್ನು ಎಲ್ಲ ಬಗೆಯ ಕಾಗುಣಿತದಲ್ಲೂ ಹಾಕಿ ನೋಡಬೇಕು. ಹಾಗೆಯೇ ನಿಮ್ಮ ಪ್ರೊಫೈಲಿನಲ್ಲಿ ಕಾಲೇಜನ್ನು ಪಟ್ಟಿಯಿಂದಲೇ ಆರಿಸಿ. ಇಲ್ಲವಾದರೆ ನಾಳೆ ನಿಮ್ಮನ್ನು ಹುಡುಕುವ ಕಿರಿಯರಿಗೆ ನೀವು ಕಾಣುವುದಿಲ್ಲ.

ಜನ ಸಿಕ್ಕ ಮೇಲೆ ಮಾತಾಡಿಸಬೇಕಲ್ಲ. ಸಂಪರ್ಕದ ಕೋರಿಕೆಯೊಂದಿಗೆ ಸಣ್ಣ ಟಿಪ್ಪಣಿ ಕಳಿಸಲು ಅವಕಾಶವಿದೆ, ಆದರೆ ಉಚಿತ ಖಾತೆಯವರಿಗೆ ತಿಂಗಳಿಗೆ ಕೆಲವೇ ಟಿಪ್ಪಣಿಗಳು, ಒಂದೊಂದಕ್ಕೆ 200 ಚಿಹ್ನೆಗಳ ಮಿತಿ. ಕನ್ನಡದಲ್ಲಿ ಬರೆಯುವವರಿಗೆ ಈ ಮಿತಿ ಇನ್ನೂ ಬಿಗಿ. ಗುಣಿತದ ಗುರುತು, ಒತ್ತು ಎಲ್ಲವೂ ಬೇರೆಬೇರೆ ಎಣಿಕೆಯಾಗುವುದರಿಂದ ‘ನಮಸ್ಕಾರ’ ಎಂಬ ನಾಲ್ಕಕ್ಷರ ಅಲ್ಲಿ ಏಳಾಗುತ್ತದೆ. ಆದರೂ ನಮ್ಮ ಕಡೆಯ ಹಿರಿಯರಿಗೆ ಬರೆಯುವಾಗ ಕನ್ನಡವನ್ನೇ ಬಳಸಿ ಎಂದು ನಾನು ಹೇಳುತ್ತೇನೆ. ದಿನಕ್ಕೆ ಹತ್ತಾರು ಇಂಗ್ಲಿಷ್ ಕೋರಿಕೆಗಳನ್ನು ನೋಡುವವರ ಕಣ್ಣು ಕನ್ನಡದ ಎರಡು ಸಾಲಿನ ಮೇಲೆ ನಿಲ್ಲುತ್ತದೆ. ನಾನು ಕಳಿಸುತ್ತಿದ್ದುದು ಹೆಚ್ಚುಕಡಿಮೆ ಹೀಗಿತ್ತು:

‘ನಮಸ್ಕಾರ. ನಾನೂ ಶಿರಸಿಯಲ್ಲೇ ಬಿ.ಕಾಂ. ಓದಿದವಳು. ಖರೀದಿ ವಿಭಾಗದಲ್ಲಿ ಕೆಲಸ ಹುಡುಕುತ್ತಿದ್ದೇನೆ. ನಿಮ್ಮ ಕಂಪನಿಯಲ್ಲಿ ಆ ವಿಭಾಗದ ದಿನದ ಕೆಲಸ ಹೇಗಿರುತ್ತದೆಂದು ಹತ್ತು ನಿಮಿಷ ಕೇಳಬಹುದೇ?’

ಇದರಲ್ಲಿ ಕೆಲಸ ಕೊಡಿಸಿ ಎಂಬ ಮಾತಿಲ್ಲದಿರುವುದನ್ನು ಗಮನಿಸಬೇಕು. ಮುಖ ನೋಡದವರು ಕೆಲಸ ಕೊಡಿಸಿ ಎಂದರೆ ಯಾರಾದರೂ ಏನು ಮಾಡಿಯಾರು? ತಮ್ಮ ಕೆಲಸದ ಬಗ್ಗೆ ಕೇಳಿದರೆ ಮಾತ್ರ ಹೆಚ್ಚಿನವರು ಸಂತೋಷದಿಂದ ಹೇಳುತ್ತಾರೆ. ಉತ್ತರವೇ ಬಾರದವುಗಳೂ ಬೇಕಾದಷ್ಟಿದ್ದವು, ಅದಕ್ಕೆ ಮನಸ್ಸು ಸಣ್ಣದು ಮಾಡಿಕೊಳ್ಳುವ ಅಗತ್ಯವಿಲ್ಲ. ಬಹುಪಾಲು ಜನ ಈ ಆ್ಯಪನ್ನು ವಾರಕ್ಕೊಮ್ಮೆಯೂ ತೆರೆಯುವುದಿಲ್ಲ.

ಉತ್ತರ ಬಂದವುಗಳಲ್ಲಿ ಒಂದನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಈ ಸೇವೆ ಯಾವ ರೀತಿಯಲ್ಲಿ ಫಲ ಕೊಡುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಹೊನ್ನಾವರ ಕಡೆಯ ಒಬ್ಬರು, ಹುಬ್ಬಳ್ಳಿಯ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿರುವವರು, ಭಾನುವಾರ ಮಧ್ಯಾಹ್ನ ಫೋನು ಮಾಡಿದರು. ಮೊದಲ ಪ್ರಶ್ನೆ ನಿರೀಕ್ಷೆಯಂತೆ, ‘ಶಿರಸಿಯಲ್ಲಿ ಯಾವ ಕಡೆಯಾಯಿತು?’ ಎಂಬುದು. ನಾನು ಮೇಡಂ ಎನ್ನುತ್ತಲೇ ಇದ್ದೆ; ‘ಮೇಡಂ ಎಲ್ಲ ಆಫೀಸಿನಲ್ಲಿ ಸಾಕಾಗಿದೆ, ಅಕ್ಕ ಅಂದರೆ ಸಾಕು’ ಎಂದರು. ಆಮೇಲೆ ಮಾತು ನೇರ ಕೆಲಸಕ್ಕೆ ಬಂತು. ಖರೀದಿ ಆದೇಶ, ಸರಕು ಬಂದುದಕ್ಕೆ ಗೋದಾಮಿನವರು ಕೊಡುವ ರಸೀದಿ, ಮಾರಿದವರ ಇನ್‌ವಾಯ್ಸ್, ಈ ಮೂರೂ ತಾಳೆಯಾಗದೆ ಹಣ ಬಿಡುಗಡೆಯಾಗುವುದಿಲ್ಲ. ತಮ್ಮಲ್ಲಿ ಅದನ್ನು ನೋಡುವವರು ಸರಿಯಾಗಿ ಸಿಗದೆ ಬಿಲ್ಲುಗಳು ಕೂತುಬಿಟ್ಟಿವೆ, ಸರಕು ಪೂರೈಸುವವರ ಬೈಗುಳ ತಾನು ಕೇಳಬೇಕಾಗಿದೆ ಎಂದರು. ಅದೇ ಕೆಲಸವನ್ನು ನಾನು ವರ್ಷಗಟ್ಟಲೆ ಮಾಡಿದ್ದೆ. ಒಂದೇ ಇನ್‌ವಾಯ್ಸ್ ನಂಬರಿನ ಕೊನೆಗೆ ಒಂದು ಚುಕ್ಕೆ ಸೇರಿಸಿ ಎರಡನೆಯ ಸಲ ಕಳಿಸುವವರನ್ನು ಹೇಗೆ ಹಿಡಿಯುತ್ತಿದ್ದೆವು ಎಂಬುದನ್ನು ಹೇಳಿದಾಗ, ಅವರು ಒಂದು ಕ್ಷಣ ಸುಮ್ಮನಿದ್ದು, ರೆಸ್ಯೂಮೆ ಕಳಿಸು ಎಂದರು. ಆ ಹುದ್ದೆಗೆ ಎಲ್ಲೂ ಜಾಹೀರಾತು ಬಂದಿರಲಿಲ್ಲ, ಬರುವ ಹಂತದಲ್ಲೂ ಇರಲಿಲ್ಲ. ಸಂದರ್ಶನ, ಲಿಖಿತ ಪರೀಕ್ಷೆ ಎಲ್ಲವೂ ನಡೆದವು, ರಿಯಾಯಿತಿಯೇನೂ ಸಿಗಲಿಲ್ಲ. ಆದರೆ ಆ ಬಾಗಿಲವರೆಗೆ ದಾರಿ ತೋರಿಸಿದ್ದು ಹಳೆಯ ವಿದ್ಯಾರ್ಥಿಗಳ ಪಟ್ಟಿಯೇ. ನಾನೀಗ ಅಲ್ಲಿಯೇ ಇದ್ದೇನೆ.

ಇದನ್ನು ವಶೀಲಿ ಎನ್ನಬಹುದೇ ಎಂದು ಮನೆಯಲ್ಲಿ ಹಿರಿಯರೊಬ್ಬರು ಕೇಳಿದರು. ಅರ್ಹತೆ ನೋಡದೆ ಒಳಗೆ ತುರುಕುವುದು ವಶೀಲಿ. ಅರ್ಹತೆ ಇದೆಯೋ ಇಲ್ಲವೋ ಎಂದು ನೋಡಲು ಕರೆಸಿಕೊಳ್ಳುವುದು ಬೇರೆ. ಹಾಗಿದ್ದರೂ ಈ ದಾರಿ ಎಲ್ಲರಿಗೂ ಸಮನಾಗಿ ತೆರೆದಿಲ್ಲವೆಂಬುದನ್ನು ಮುಚ್ಚಿಡಬಾರದು. ಹಿಂದಿನ ತಲೆಮಾರಿನಲ್ಲಿ ಯಾರ ಮನೆಯವರು ಓದಿ ಊರು ಬಿಟ್ಟರೋ ಅವರ ಕಾಲೇಜು, ಅವರ ಬಳಗದವರೇ ಆ ಪಟ್ಟಿಯಲ್ಲಿ ಹೆಚ್ಚು ಕಾಣುತ್ತಾರೆ. ಹೊಸದಾಗಿ ಶುರುವಾದ ತಾಲೂಕು ಕಾಲೇಜಿನಿಂದ ಬಂದ ಹುಡುಗನಿಗೆ ಅಂಥ ಹಿರಿಯರ ಸಾಲೇ ಇರುವುದಿಲ್ಲ. ಅಂಥವರು ಕಾಲೇಜಿನ ಬದಲು ಊರು, ತಾಲೂಕು, ಹಿಂದೆ ಮಾಡಿದ ಸಣ್ಣ ಕೆಲಸ, ತರಬೇತಿ ಪಡೆದ ಸಂಸ್ಥೆ ಇವುಗಳ ಮೂಲಕ ಹುಡುಕಬೇಕಾಗುತ್ತದೆ. ಫಲ ಸಿಗುತ್ತದೆ, ಶ್ರಮ ಹೆಚ್ಚು.

ಪ್ರೊಫೈಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಹೇಳಿಕೊಡುವವರು ಬೀದಿಗೊಬ್ಬರಿದ್ದಾರೆ. ಹೆಸರಿನ ಕೆಳಗಿನ ಸಾಲಿಗೆ 220 ಚಿಹ್ನೆಗಳ ಜಾಗವಿದೆ. ‘ಕನಸುಗಾರ್ತಿ’, ‘ಸದಾ ಕಲಿಯುವವಳು’ ಎಂಬ ಮಾತುಗಳ ಬದಲು ಮಾಡುವ ಕೆಲಸವನ್ನೂ ಬಳಸುವ ತಂತ್ರಾಂಶವನ್ನೂ ಬರೆದರೆ ನೇಮಕ ಮಾಡುವವರ ಹುಡುಕಾಟದಲ್ಲಿ ಹೆಸರು ಬರುತ್ತದೆ. ಊರಿನ ವಿಷಯ ಮಾತ್ರ ನಮ್ಮಂಥವರಿಗೆ ಮುಖ್ಯ. ನೇಮಕ ಮಾಡುವವರು ಊರನ್ನು ಹಾಕಿ ಸೋಸುವುದರಿಂದ ಶಿರಸಿ ಎಂದಷ್ಟೇ ಇದ್ದರೆ ಬೆಂಗಳೂರಿನವರ ಕಣ್ಣಿಗೆ ನಾವು ಬೀಳುವುದಿಲ್ಲ. ಸುಳ್ಳು ಊರು ಹಾಕಬೇಕಾಗಿಲ್ಲ. ಕೆಲಸದ ಆದ್ಯತೆಗಳ ಭಾಗದಲ್ಲಿ ಬೆಂಗಳೂರು, ಹುಬ್ಬಳ್ಳಿ, ಪಣಜಿ ಎಂದು ಹೋಗಲು ಸಿದ್ಧವಿರುವ ಊರುಗಳನ್ನು ಸೇರಿಸಲು ಬರುತ್ತದೆ.

ಅದೇ ಭಾಗದಲ್ಲಿ ‘ಓಪನ್ ಟು ವರ್ಕ್’ ಎಂಬ ಆಯ್ಕೆಯೂ ಇದೆ. ಅದನ್ನು ಎರಡು ರೀತಿಯಲ್ಲಿ ಇಡಬಹುದು: ನೇಮಕ ಮಾಡುವವರಿಗಷ್ಟೇ ಕಾಣುವಂತೆ, ಅಥವಾ ಫೋಟೊ ಸುತ್ತ ಹಸಿರು ಬಳೆ ಮೂಡಿ ಎಲ್ಲರಿಗೂ ಕಾಣುವಂತೆ. ದೊಡ್ಡ ನಗರದಲ್ಲಿ ಹಸಿರು ಬಳೆಯಿಂದ ನಷ್ಟವೇನಿಲ್ಲ. ನಮ್ಮ ಕಡೆ ಮಾತ್ರ, ಬಳೆ ಮೂಡಿದ ವಾರದಲ್ಲೇ ಯಾವುದೋ ಉಪನಯನದ ಪಂಕ್ತಿಯಲ್ಲಿ ‘ನಿಮ್ಮ ಮಗಳ ಕೆಲಸ ಹೋಯಿತಂತೆ’ ಎಂದು ತಾಯಿಯನ್ನು ಕೇಳುವವರು ಸಿಗುತ್ತಾರೆ. ಆ ಪ್ರಶ್ನೆಗೆ ಅಂಜದವರಿಗೆ ಎರಡನೆಯದು ಒಳ್ಳೆಯದು, ಏಕೆಂದರೆ ಕೇಳಿದವರಲ್ಲಿ ಒಬ್ಬರಿಗಾದರೂ ಪುಣೆಯಲ್ಲಿ ಅಳಿಯನಿರುತ್ತಾನೆ. ಈಗ ಕೆಲಸದಲ್ಲಿದ್ದು ಗುಟ್ಟಾಗಿ ಹುಡುಕುವವರು ಮೊದಲನೆಯದನ್ನು ಆರಿಸಬೇಕು. ನಿಮ್ಮದೇ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ತಾಣ ಪ್ರಯತ್ನಿಸುತ್ತದೆ, ಆದರೆ ಪೂರ್ತಿ ಗುಟ್ಟಿನ ಖಾತರಿ ಕೊಡುವುದಿಲ್ಲವೆಂದು ಅದೇ ಹೇಳಿಕೊಂಡಿದೆ.

ಕೆಲಸದ ಜಾಹೀರಾತುಗಳ ವಿಭಾಗಕ್ಕೆ ಬರೋಣ. ಒಂದೇ ಗುಂಡಿ ಒತ್ತಿ ಅರ್ಜಿ ಹಾಕುವ ‘ಈಸಿ ಅಪ್ಲೈ’ ಸೌಲಭ್ಯದಿಂದ ಅರ್ಜಿ ಹಾಕುವುದು ಸುಲಭವಾಗಿದೆ, ಅದೇ ಕಾರಣಕ್ಕೆ ಒಂದೊಂದು ಹುದ್ದೆಗೂ ಅರ್ಜಿಗಳ ಪ್ರವಾಹವೇ ಹರಿಯುತ್ತದೆ. ನೂರಕ್ಕಿಂತ ಹೆಚ್ಚು ಎಂದು ತೋರಿಸುವ ಸಂಖ್ಯೆಯನ್ನು ನೋಡಿ ಕೈಬಿಡಬೇಕಾಗಿಲ್ಲ; ಕಂಪನಿಯ ಸ್ವಂತ ತಾಣಕ್ಕೆ ಕರೆದೊಯ್ಯುವ ಜಾಹೀರಾತುಗಳಲ್ಲಿ ಅದು ಗುಂಡಿ ಒತ್ತಿದವರ ಸಂಖ್ಯೆಯೇ ಹೊರತು ಅರ್ಜಿ ಪೂರ್ತಿ ಮಾಡಿದವರದ್ದಲ್ಲ. ಮತ್ತೆ ಮತ್ತೆ ಪ್ರಕಟವಾದದ್ದೆಂಬ ಗುರುತಿರುವ ಜಾಹೀರಾತುಗಳಿಂದ ದೂರವಿರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಜಾಹೀರಾತನ್ನು ಅರ್ಜಿ ಹಾಕುವುದಕ್ಕಿಂತ ಸುಳಿವಾಗಿ ಬಳಸುವುದು ಲಾಭ: ಯಾವ ಕಂಪನಿ ನೇಮಿಸಿಕೊಳ್ಳುತ್ತಿದೆ ಎಂದು ತಿಳಿದ ಕೂಡಲೇ ಅಲ್ಲಿ ನಮ್ಮ ಕಡೆಯವರು ಯಾರಿದ್ದಾರೆಂದು ಹುಡುಕಬೇಕು.

ಹಣ ಕೊಡಬೇಕಾದ ಪ್ರೀಮಿಯಂ ಯೋಜನೆಯನ್ನು ಒಂದು ತಿಂಗಳ ಉಚಿತ ಅವಧಿಯಲ್ಲಿ ನೋಡಿದೆ. ನಮ್ಮ ಪ್ರೊಫೈಲ್ ನೋಡಿದವರ ಪಟ್ಟಿ ವರ್ಷದಷ್ಟು ಹಿಂದಿನವರೆಗೆ ಸಿಗುತ್ತದೆ, ಸಂಪರ್ಕದಲ್ಲಿಲ್ಲದವರಿಗೂ ತಿಂಗಳಿಗೆ ಇನ್‌ಮೇಲ್ ಎಂಬ ಐದು ನೇರ ಸಂದೇಶ ಕಳಿಸಬಹುದು, 90 ದಿನದೊಳಗೆ ಉತ್ತರ ಬಂದರೆ ಆ ಇನ್‌ಮೇಲ್ ಲೆಕ್ಕಕ್ಕೆ ಮರಳಿ ಬರುತ್ತದೆ. ಯಾರು ನೋಡಿದರೆಂದು ದಿನಾ ಇಣುಕುವುದು ಚಟವಾಗುತ್ತದೆಯೇ ವಿನಾ ಕೆಲಸಕ್ಕೆ ಬರುವುದಿಲ್ಲ. ಕೆಲಸವಿಲ್ಲದವರು ಇದಕ್ಕೆ ಹಣ ಹಾಕುವ ಅಗತ್ಯ ನನಗಂತೂ ಕಾಣಲಿಲ್ಲ. ಉಚಿತ ಅವಧಿಯನ್ನು ಬಳಸುವವರು ಅದು ಮುಗಿಯುವ ಮೊದಲೇ ರದ್ದು ಮಾಡಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ, ತಪ್ಪಿದರೆ ಕಾರ್ಡಿನಿಂದ ಹಣ ಹೋಗುತ್ತದೆ.

ಭಾಷೆಯ ವಿಷಯದಲ್ಲಿ ತಾಣದ ಮೇಲೆ ನನ್ನ ಆಕ್ಷೇಪವಿದೆ. ಹಿಂದಿ 2021ರಲ್ಲಿ ಬಂತು. ಆಮೇಲೆ ಮರಾಠಿ, ತೆಲುಗು, ಬಂಗಾಳಿ, ಪಂಜಾಬಿ ಸೇರಿದವು. ಬೆಂಗಳೂರಿನಲ್ಲಿ ದೊಡ್ಡ ಕಚೇರಿಯಿರುವ ಕಂಪನಿಯ ಪಟ್ಟಿಯಲ್ಲಿ ಕನ್ನಡ ಇನ್ನೂ ಇಲ್ಲ. ಕನ್ನಡದಲ್ಲಿ ಬರೆಯಲು, ಓದಲು ಅಡ್ಡಿಯೇನಿಲ್ಲ. ಗುಂಡಿಗಳ, ಸೂಚನೆಗಳ ಭಾಷೆ ಕನ್ನಡವಾಗಿಲ್ಲ ಅಷ್ಟೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಗೆ ಗೌಪ್ಯತೆಯ ಸೂಚನೆಗಳು ಅರ್ಥವಾಗದೆ ಹೋಗುವುದು ಸಣ್ಣ ಸಂಗತಿಯಲ್ಲ. ಉದಾಹರಣೆಗೆ, ಖಾತೆ ತೆರೆಯುವಾಗ ನಿಮ್ಮ ಪರಿಚಯದವರ ಇಮೇಲ್ ವಿಳಾಸಗಳ ಪಟ್ಟಿಯನ್ನು ಕೊಡುತ್ತೀರಾ ಎಂದು ತಾಣ ಕೇಳುತ್ತದೆ. ಹಾಗೆ ಸಿಕ್ಕ ವಿಳಾಸಗಳಿಗೆ ಸದಸ್ಯರ ಹೆಸರಿನಲ್ಲಿ ಮತ್ತೆ ಮತ್ತೆ ನೆನಪೋಲೆ ಕಳಿಸಿದ ಬಗ್ಗೆ ಅಮೆರಿಕದಲ್ಲಿ ಹೂಡಿದ್ದ ಮೊಕದ್ದಮೆಯನ್ನು 2015ರಲ್ಲಿ 1.3 ಕೋಟಿ ಡಾಲರ್ ಕೊಡಲು ಒಪ್ಪಿ ಕಂಪನಿ ಬಗೆಹರಿಸಿಕೊಂಡಿತು. ಆ ಪ್ರಶ್ನೆಗೆ ಬೇಡವೆಂದೇ ಉತ್ತರಿಸಿ.

ಮೋಸಗಾರರು ಇಲ್ಲಿಯೂ ಇದ್ದಾರೆ. ನನಗೂ ಒಬ್ಬರು, ನೇಮಕಾತಿ ಸಂಸ್ಥೆಯವರೆಂದು ಹೇಳಿಕೊಂಡು, ಆಯ್ಕೆಯಾಗಿದೆ, ದಾಖಲೆ ಪರಿಶೀಲನೆಗೆ ಹಣ ಕಟ್ಟಿ, ಮುಂದಿನ ಮಾತು ಟೆಲಿಗ್ರಾಮಿನಲ್ಲಿ ಎಂದರು. ಸಂದರ್ಶನವಿಲ್ಲದ ಆಯ್ಕೆ, ಮುಂಗಡ ಕೇಳುವ ಉದ್ಯೋಗದಾತ, ತಾಣದ ಹೊರಗೆ ಕರೆಯುವ ಆತುರ, ಈ ಮೂರರಲ್ಲಿ ಒಂದು ಕಂಡರೂ ಮಾತು ಅಲ್ಲಿಗೇ ನಿಲ್ಲಿಸಬೇಕು. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಲಿಂಕ್ಡ್‌ಇನ್ ಒಂದನ್ನೇ ನಂಬಬೇಕಾಗಿಯೂ ಇಲ್ಲ. 1997ರಿಂದಿರುವ ನೌಕ್ರಿ ತಾಣದಲ್ಲಿ ಲೆಕ್ಕಪತ್ರ, ಖರೀದಿಯಂಥ ಕೆಲಸಗಳ ಜಾಹೀರಾತು ಹೆಚ್ಚು, ಆದರೆ ಅಲ್ಲಿ ಮನುಷ್ಯರನ್ನು ಹುಡುಕಲು ಬರುವುದಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ ಶುರುಮಾಡಿದ ನ್ಯಾಷನಲ್ ಕರಿಯರ್ ಸರ್ವಿಸ್ ತಾಣದಲ್ಲಿ ನೋಂದಣಿ ಉಚಿತ, ಉದ್ಯೋಗ ಮೇಳಗಳ ಸುದ್ದಿ ಅಲ್ಲಿ ಸಿಗುತ್ತದೆ. ಇನ್ನು ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬೆ ಜಾತ್ರೆಯ ವಾರದಲ್ಲಿ ಊರಿಗೆ ಬಂದವರನ್ನೆಲ್ಲ ಒಂದೇ ಬೀದಿಯಲ್ಲಿ ಕಾಣಬಹುದಾದ್ದರಿಂದ, ತಾಣದಲ್ಲಿ ಪರಿಚಯವಾದವರನ್ನು ಮುಖತಃ ಕಾಣಲು ಅದಕ್ಕಿಂತ ಒಳ್ಳೆಯ ಸಂದರ್ಭ ನಮ್ಮಲ್ಲಿಲ್ಲ. ಮೊದಲೇ ಒಂದು ಸಂದೇಶ ಹಾಕಿ, ಯಾವಾಗ ಬರುತ್ತೀರೆಂದು ಕೇಳಿಟ್ಟುಕೊಳ್ಳಬೇಕು.

ಕೊನೆಗೆ, ಬಳಕೆಯ ಅನುಕೂಲ. ಮಳೆಗಾಲದಲ್ಲಿ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗಿ ಬಂದು ಮಾಡುತ್ತವೆ. ಆಗ ಫೋನಿನ ಆ್ಯಪ್ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ವಿಡಿಯೊಗಳು ತಾವಾಗಿಯೇ ಓಡುವುದನ್ನು ನಿಲ್ಲಿಸಿದರೆ ಸಾಕಷ್ಟು ಹಗುರಾಗುತ್ತದೆ. ಮುಖಪುಟದಲ್ಲಿ ತುಂಬಿರುವ ಸಾಧನೆಯ ಕಥೆಗಳನ್ನು ಓದುತ್ತ ಕೂತರೆ ಡೇಟಾವೂ ಹೋಗುತ್ತದೆ, ಮನಸ್ಸೂ ಕೆಡುತ್ತದೆ. ನಾನು ಬ್ರೌಸರಿನಲ್ಲಿ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಪುಟವನ್ನೇ ಗುರುತು ಮಾಡಿಟ್ಟು ನೇರ ಅಲ್ಲಿಗೆ ಹೋಗುತ್ತಿದ್ದೆ. ಸಂದೇಶ ಬಂದಾಗ ಇಮೇಲ್ ಬರುವಂತೆ ಇಟ್ಟುಕೊಂಡು ಉಳಿದ ಸೂಚನೆಗಳನ್ನೆಲ್ಲ ನಿಲ್ಲಿಸಬಹುದು. ಟಿಪ್ಪಣಿಗಳನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಂಡು ನೆಟ್‌ವರ್ಕ್ ಬಂದಾಗ ಅಂಟಿಸುವುದು ಕ್ಷೇಮ, ಏಕೆಂದರೆ ಅರ್ಧ ಬರೆದಾಗ ಸಂಪರ್ಕ ತಪ್ಪಿದರೆ ಬರೆದದ್ದು ಉಳಿಯುವುದಿಲ್ಲ.